ಎದುರುಗೊಳ್ಳುವ ಉಡುಗೊರೆ

ಕಳೆದ ಆಗಮನ ಕಾಲದ ಮೊದಲ ವಾರ. ಸಂಜೆಯ ಬಲಿಪೂಜೆ ಮುಗಿಸಿ ಗುರುನಿವಾಸದ ಜಗಲಿಯಲ್ಲಿ ಕುಳಿತಿದ್ದೆ. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಮಗನೊಂದಿಗೆ ಬಂದರು. ಅವರ ಹಿರಿಯ ಮಗಳು ಕುವೈತಿನಲ್ಲಿ ದಾದಿಯಾಗಿ ಹನ್ನೊಂದು ವರ್ಷಗಳಾಗಿವೆ. ಅವಳೊಂದಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ಅದೇ ಕೊಠಡಿಯಲ್ಲಿ ವಾಸವಾಗಿರುವ ಫಿಲಿಪ್ಪೀನ್ಸ್ ದೇಶದ ಗೆಳತಿಯೊಬ್ಬಳಿದ್ದಾಳೆ. 2020ರಲ್ಲಿ ಕೊರೋನಾ ವ್ಯಾಧಿ ಹಬ್ಬಿದ್ದಾಗ ಈ ಮಗಳು ಹಾಸಿಗೆ ಹಿಡಿದಳು. ಅದೇ ತಿಂಗಳಲ್ಲಿ ಇಲ್ಲಿ ಅವಳ ತಂದೆ ತೀರಿಕೊಂಡರು. ವಿಮಾನಗಳಿರಲಿಲ್ಲ, ಇದ್ದಿದ್ದರೂ ಬರುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅಂದು ರಾತ್ರಿಯಿಡೀ ಆ ಗೆಳತಿ ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ತನ್ನ ಭಾಷೆಯಲ್ಲಿ ಜಪಸರ ಹೇಳುತ್ತಿದ್ದಳಂತೆ. ಗಂಜಿ ಕಾಯಿಸಿ ಕುಡಿಸಿದವಳೂ ಅವಳೇ. ಈಗ ಅವಳು ಕೆಲಸ ಬಿಟ್ಟು ತನ್ನೂರಾದ ಸೆಬುವಿಗೆ ಶಾಶ್ವತವಾಗಿ ಹಿಂದಿರುಗುತ್ತಿದ್ದಾಳೆ.

"ಫಾದರ್, ಎರಡು ಪವನಿನ ಬಳೆ ಮಾಡಿಸಿ ಕಳಿಸೋಣ ಅಂತ ಇದ್ದೇವೆ. ಋಣ ತೀರಿಸಿಬಿಡಬೇಕಲ್ಲ" ಎಂದರು ಆ ತಾಯಿ. ಮಗನಿಗೆ ಮೈಸೂರು ರೇಷ್ಮೆ ಸೀರೆಯೇ ಸರಿ ಎಂಬ ಅಭಿಪ್ರಾಯ. "ನೀವು ರೋಮಿನಲ್ಲಿ ಓದಿದವರು, ಆ ದೇಶದವರನ್ನು ಕಂಡವರು. ಯಾವುದು ಒಳ್ಳೇದು, ನೀವೇ ಹೇಳಿ."

ನಾನು ಥಟ್ಟನೆ ಉತ್ತರಿಸಲಿಲ್ಲ. ಒಂದು ವಾರ ಸಮಯ ಕೇಳಿದೆ. ಉಡುಗೊರೆಯ ವಿಷಯದಲ್ಲಿ ಗುರುಗಳ ಸಲಹೆ ಕೇಳುವುದು ಅಷ್ಟು ಕ್ಷೇಮವಲ್ಲವೆಂಬುದು ಬೇರೆ ಮಾತು. ವರ್ಷಕ್ಕೆ ಹತ್ತಾರು ಶಾಲು, ಐದಾರು ಗೋಡೆ ಗಡಿಯಾರಗಳನ್ನು ಸ್ವೀಕರಿಸಿ, ಅವುಗಳನ್ನು ಎಲ್ಲಿಡುವುದೆಂದು ತಿಳಿಯದವರು ನಾವು! ಆದರೆ ನನ್ನ ಹಿಂಜರಿಕೆಗೆ ಕಾರಣ ಅದಲ್ಲ. 'ಋಣ ತೀರಿಸಿಬಿಡಬೇಕು' ಎಂಬ ಮಾತು ಹಳೆಯದೊಂದು ಗಾಯವನ್ನು ಮುಟ್ಟಿತ್ತು.

ರೋಮಿನಲ್ಲಿ ನನ್ನ ಪಕ್ಕದ ಕೊಠಡಿಯಲ್ಲಿ ಫಿಲಿಪ್ಪೀನ್ಸಿನ ಗುರುವೊಬ್ಬರಿದ್ದರು. ನನ್ನ ಪ್ರಬಂಧವನ್ನು ಒಪ್ಪಿಸಬೇಕಾದ ವಾರದಲ್ಲಿ ನಾನು ಜ್ವರದಿಂದ ಮಲಗಿದೆ. ಅವರು ಮೂರು ರಾತ್ರಿ ಎಚ್ಚರವಿದ್ದು ನನ್ನ ವಕ್ರ ಕೈಬರಹವನ್ನು ಓದಿ ಓದಿ ಬೆರಳಚ್ಚು ಮಾಡಿ ಮುಗಿಸಿದರು. ಗುಣಮುಖನಾದ ಮೇಲೆ ನಾನು ಮಾಡಿದ್ದೇನು? ಒಂದು ಲಕೋಟೆಯಲ್ಲಿ ಹಣವಿಟ್ಟು ಅವರ ಮೇಜಿನ ಮೇಲಿರಿಸಿ ಬಂದೆ. ಮರುದಿನ ಲಕೋಟೆ ನನ್ನ ಬಾಗಿಲಡಿ ತೂರಿ ಬಂದಿತ್ತು. ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ನಾನು ಮಾಡಿದ ತಪ್ಪೇನೆಂದು ಅರ್ಥವಾಗಲು ಅವರ ದೇಶದ ಇತಿಹಾಸವನ್ನು ಸ್ವಲ್ಪ ಓದಬೇಕಾಯಿತು. ಆ ಓದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಆ ದೇಶದಲ್ಲಿ ದೊರೆತಿರುವ, ಕಾಲ ನಮೂದಾದ ಅತ್ಯಂತ ಪ್ರಾಚೀನ ಬರಹವೇ ಸಾಲದ ಪತ್ರ ಎಂದರೆ ಓದುಗರಿಗೆ ಅಚ್ಚರಿಯಾದೀತು. 1989ರಲ್ಲಿ ಲಗುನಾ ಪ್ರಾಂತ್ಯದ ನದಿಯೊಂದರ ಬಳಿ ಮರಳು ತೆಗೆಯುವವರಿಗೆ ಒಂದು ತಾಮ್ರದ ತಗಡು ಸಿಕ್ಕಿತು. ಆಂತೂನ್ ಪೋಸ್ಟ್ಮಾ ಎಂಬ ಡಚ್ ವಿದ್ವಾಂಸರು ಅದನ್ನು ಓದಿದರು. ಲಿಪಿ ಜಾವಾ ದ್ವೀಪದ ಕಾವಿ. ಭಾಷೆ ಹಳೆಯ ಮಲಯ, ನಡುನಡುವೆ ಸಂಸ್ಕೃತ. ನಮ್ಮ ಹಳಗನ್ನಡ ಶಾಸನಗಳಂತೆ ಅದೂ 'ಸ್ವಸ್ತಿ' ಎಂಬ ಶಬ್ದದಿಂದಲೇ ಆರಂಭವಾಗುತ್ತದೆ. ಕಾಲವನ್ನು ಶಕ ವರ್ಷದಲ್ಲೇ ಹೇಳುತ್ತದೆ: ಶಕ 822, ವೈಶಾಖ ಮಾಸ, ಕೃಷ್ಣಪಕ್ಷದ ಚೌತಿ, ಸೋಮವಾರ. ಅಂದರೆ ಕ್ರಿ.ಶ. 900ರ ಏಪ್ರಿಲ್ 21. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ! ಪತ್ರದ ಒಕ್ಕಣೆ ಇಷ್ಟು: ನಮ್ವರನ್ ಎಂಬವನು ತೀರಿಸಬೇಕಾಗಿದ್ದ ಒಂದು ಕಟಿ ಎಂಟು ಸುವರ್ಣದಷ್ಟು ಚಿನ್ನದ ಸಾಲವನ್ನು ಸಂಪೂರ್ಣವಾಗಿ ಮನ್ನಾ ಮಾಡಲಾಗಿದೆ, ಇನ್ನು ಮುಂದೆ ಅವನ ಸಂತತಿಯನ್ನು ಯಾರೂ ಅದಕ್ಕಾಗಿ ಪೀಡಿಸಕೂಡದು. ಇಂದಿನ ತೂಕದಲ್ಲಿ ಅದು ಸುಮಾರು ಒಂಬೈನೂರು ಗ್ರಾಂ ಚಿನ್ನವೆಂದು ಲೆಕ್ಕ ಹಾಕಿದ್ದಾರೆ.

ಚಿನ್ನದ ಸಾಲವನ್ನು ಹೀಗೆ ತಾಮ್ರದ ಮೇಲೆ ಬರೆದು ಅಳಿಸಬಹುದು. ಆದರೆ ಅದೇ ನಾಡಿನ ತಗಾಲೋಗ್ ಭಾಷೆಯಲ್ಲಿ 'ಊತಾಂಗ್ ನಾ ಲೋಓಬ್' ಎಂಬ ಇನ್ನೊಂದು ಸಾಲವುಂಟು. 'ಊತಾಂಗ್' ಎಂದರೆ ಸಾಲ. 'ಲೋಓಬ್' ಎಂದರೆ ಒಳಗು, ಅಂತರಂಗ. ಒಳಗಿನ ಋಣ ಎನ್ನೋಣ. ಹೆತ್ತ ತಾಯಿಗೆ, ಕಷ್ಟದಲ್ಲಿ ಕೈಹಿಡಿದವರಿಗೆ, ಸಾವಿನ ಮನೆಯಲ್ಲಿ ಪಕ್ಕದಲ್ಲಿ ಕುಳಿತವರಿಗೆ ನಾವು ಸಲ್ಲಿಸಬೇಕಾದ ಋಣ. ಅದನ್ನು ನೆನೆಯಬಹುದು, ಜೀವಮಾನವಿಡೀ ಹೊತ್ತು ನಡೆಯಬಹುದು. ಬೆಲೆ ಕಟ್ಟಿ ತೀರಿಸಲು ಹೊರಟರೆ 'ಇನ್ನು ನನಗೂ ನಿನಗೂ ಸಂಬಂಧವಿಲ್ಲ' ಎಂದು ಹೇಳಿದಂತೆ. ನನ್ನ ಲಕೋಟೆ ಹೇಳಿದ್ದು ಇದನ್ನೇ. 'ಋಣಾನುಬಂಧ' ಎಂಬ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಬೆಳೆದ ಕನ್ನಡಿಗನಾದ ನನಗೆ ಇದು ಹೊಳೆಯದೆ ಹೋದದ್ದು ನಾಚಿಕೆಯ ವಿಷಯ. ಋಣದೊಳಗೇ ಬಂಧವಿದೆಯೆಂದು ನಮ್ಮ ಹಿರಿಯರೂ ಅರಿತಿದ್ದರಲ್ಲವೇ?

ಈ ಒಳಗಿನ ಋಣಕ್ಕೆ ಕರಾಳವಾದ ಮುಖವೂ ಇದೆಯೆಂಬುದನ್ನು ಮರೆಮಾಚಬಾರದು. ಜಮೀನ್ದಾರನು ಗೇಣಿದಾರನನ್ನೂ, ರಾಜಕಾರಣಿಯು ಮತದಾರನನ್ನೂ ಇದೇ ಹೆಸರಿನಿಂದ ಕಟ್ಟಿಹಾಕಿದ್ದುಂಟು. ಅದನ್ನು ಆ ದೇಶದ ಚಿಂತಕರೇ ಕಟುವಾಗಿ ಟೀಕಿಸಿದ್ದಾರೆ. ಉಡುಗೊರೆಯು ಪ್ರೀತಿಯೂ ಆಗಬಲ್ಲದು, ಹಗ್ಗವೂ ಆಗಬಲ್ಲದು. ಇದಕ್ಕೆ 1521ರ ವಸಂತದಲ್ಲಿ ಆರೇಳು ವಾರಗಳ ಕಾಲ ನಡೆದ ಘಟನೆಗಳಿಗಿಂತ ಮಿಗಿಲಾದ ಸಾಕ್ಷ್ಯ ನನಗೆ ತಿಳಿದಿಲ್ಲ.

ಆ ವರ್ಷದ ಮಾರ್ಚ್ ನಡುಭಾಗದಲ್ಲಿ ಫರ್ಡಿನಂಡ್ ಮೆಗಲನ್ ಎಂಬ ಪೋರ್ಚುಗೀಸ್ ನಾವಿಕನು ಸ್ಪೇನ್ ರಾಜನ ಪರವಾಗಿ ಮೂರು ಹಡಗುಗಳೊಂದಿಗೆ ಆ ದ್ವೀಪಗಳ ಬಳಿ ಬಂದನು. ಈತ ನಮ್ಮ ಕರಾವಳಿಗೂ ತೀರ ಅಪರಿಚಿತನಲ್ಲ. 1505ರಲ್ಲಿ ಅಲ್ಮೇಡನ ನೌಕಾಪಡೆಯಲ್ಲಿ ಸಾಮಾನ್ಯ ಸೈನಿಕನಾಗಿ ಭಾರತಕ್ಕೆ ಬಂದಿದ್ದವನು. ಕಾರವಾರದ ಎದುರಿನ ಅಂಜುದೀವದಲ್ಲಿ ಕೋಟೆ ಕಟ್ಟಿ ಹೊನ್ನಾವರದ ಮೇಲೆ ದಾಳಿ ಮಾಡಿದ್ದು ಆ ಪಡೆಯೇ. ಈಗ ಶಾಂತಸಾಗರವನ್ನು ದಾಟಿ ಬಂದಿದ್ದ ಅವನ ಜನರು ಮೂರು ತಿಂಗಳಿಗೂ ಹೆಚ್ಚು ಕಾಲ ತಾಜಾ ಆಹಾರವಿಲ್ಲದೆ, ಇಲಿಗಳನ್ನೂ ನೆನೆಸಿದ ತೊಗಲನ್ನೂ ತಿಂದು ಬದುಕಿದ್ದರು. ಹಲವರು ಸತ್ತಿದ್ದರು. ಹೋಮೊನ್‌ಹೋನ್ ಎಂಬ ಪುಟ್ಟ ದ್ವೀಪದಲ್ಲಿ ರೋಗಿಗಳನ್ನು ಇಳಿಸಿಕೊಂಡಿದ್ದಾಗ ದೋಣಿಯೊಂದರಲ್ಲಿ ಒಂಬತ್ತು ಮಂದಿ ಬಂದರು. ಮೆಗಲನ್ ಅವರಿಗೆ ಕೆಂಪು ಟೊಪ್ಪಿಗೆ, ಕನ್ನಡಿ, ಬಾಚಣಿಗೆ, ಗೆಜ್ಜೆಗಳನ್ನು ಕೊಟ್ಟನು. ಅವರು ತಮ್ಮ ಬಳಿಯಿದ್ದ ಮೀನು, ಒಂದು ಗಡಿಗೆ ಕಳ್ಳು, ಬಾಳೆಹಣ್ಣು, ಎರಡೇ ಎರಡು ತೆಂಗಿನಕಾಯಿಗಳನ್ನು ಕೊಟ್ಟರು. ಸದ್ಯಕ್ಕೆ ಇಷ್ಟೇ ಇದೆ, ನಾಲ್ಕು ದಿನ ತಡೆಯಿರಿ ಎಂದು ಸನ್ನೆ ಮಾಡಿ ಹೋದವರು ಹೇಳಿದ ಮಾತಿನಂತೆ ಮಾರ್ಚ್ 22ರಂದು ತೆಂಗಿನಕಾಯಿ, ಕಿತ್ತಳೆ, ಕಳ್ಳು ಹಾಗೂ ಒಂದು ಹುಂಜದೊಡನೆ ಮರಳಿ ಬಂದರು. ಇದನ್ನೆಲ್ಲ ಬರೆದಿಟ್ಟವನು ಹಡಗಿನಲ್ಲಿದ್ದ ಇಟಲಿಯ ಅಂತೋನಿಯೊ ಪಿಗಫೆತ್ತ. ಹಸಿದವರಿಗೆ ಕನ್ನಡಿಯ ಉಪಯೋಗವಿಲ್ಲ. ತೆಂಗಿನಕಾಯಿ ಕೊಟ್ಟವರಿಗೆ ಯಾರಿಗೆ ಏನು ಬೇಕೆಂಬುದು ತಿಳಿದಿತ್ತು.

ಮಾರ್ಚ್ 31ರ ಪುನರುತ್ಥಾನ ಭಾನುವಾರದಂದು ಲಿಮಸಾವ ದ್ವೀಪದಲ್ಲಿ ಬಲಿಪೂಜೆ ನಡೆಯಿತು. ಏಪ್ರಿಲ್ 7ರಂದು ಹಡಗುಗಳು ಸೆಬು ಬಂದರನ್ನು ತಲುಪಿದವು. ಏಪ್ರಿಲ್ 14ರಂದು ಅಲ್ಲಿನ ಅರಸ ಹುಮಾಬೋನ್ ದೀಕ್ಷಾಸ್ನಾನ ಪಡೆದನು. ಅಂದೇ ಮಧ್ಯಾಹ್ನ ರಾಣಿಯ ಸರದಿ. ಪಿಗಫೆತ್ತ ಅವಳಿಗೆ ಮಾತೆ ಮರಿಯಳ ಚಿತ್ರವನ್ನೂ, ಮರದಲ್ಲಿ ಕೆತ್ತಿದ ಬಾಲಯೇಸುವಿನ ಪ್ರತಿಮೆಯನ್ನೂ, ಒಂದು ಶಿಲುಬೆಯನ್ನೂ ತೋರಿಸಿದನು. ರಾಣಿಯ ಕಣ್ಣಲ್ಲಿ ನೀರು ಬಂತು. ದೀಕ್ಷಾಸ್ನಾನದಲ್ಲಿ ಅವಳಿಗೆ ಹುವಾನಾ ಎಂಬ ಹೆಸರಾಯಿತು. ಬಾಲಯೇಸುವನ್ನು ತನಗೆ ಕೊಡಬೇಕೆಂದು ಅವಳೇ ಕೇಳಿ ಪಡೆದಳೆಂದು ಅವನು ಬರೆಯುತ್ತಾನೆ. ಆ ವಾರಗಳಲ್ಲಿ ಕೈಬದಲಾದ ಎಷ್ಟೋ ವಸ್ತುಗಳ ನಡುವೆ ಸ್ವೀಕರಿಸಿದವಳ ಮನಸ್ಸನ್ನು ಗಮನಿಸಿ ಕೊಟ್ಟದ್ದು ಇದೊಂದೇ ಎನಿಸುತ್ತದೆ.

ಉಳಿದ ಉಡುಗೊರೆಗಳ ಕಥೆ ಬೇರೆ. ಕಾಣಿಕೆ ಮತ್ತು ವಿಧೇಯತೆ ಎರಡನ್ನೂ ಸುತ್ತಲಿನ ನಾಯಕರಿಂದ ಮೆಗಲನ್ ಬಯಸಿದನು. ಮಕ್ತಾನ್ ದ್ವೀಪದ ಲಾಪುಲಾಪು ಒಪ್ಪಲಿಲ್ಲ. ಏಪ್ರಿಲ್ 27ರ ಬೆಳಗಿನ ಕಾಳಗದಲ್ಲಿ ಮೆಗಲನ್ ಮೊಣಕಾಲುದ್ದದ ನೀರಿನಲ್ಲಿ ಹತನಾದನು. ಬೇಕಾದಷ್ಟು ಸರಕು ಕೊಡುತ್ತೇವೆ, ಶವವನ್ನು ಹಿಂದಿರುಗಿಸಿ ಎಂದು ಕೇಳಿದಾಗ, ಲೋಕದ ಐಶ್ವರ್ಯವನ್ನೆಲ್ಲ ಕೊಟ್ಟರೂ ಕೊಡುವುದಿಲ್ಲವೆಂಬ ಉತ್ತರ ಬಂತು.

ಅದರ ಮರುವಾರವೇ ಇನ್ನೊಂದು ದುರಂತ. ಮೆಗಲನ್ ಬಳಿ ಎನ್ರಿಕೆ ಎಂಬ ಮಲಯ ಗುಲಾಮನಿದ್ದನು, ದುಭಾಷಿಯೂ ಅವನೇ. ತಾನು ಸತ್ತ ದಿನದಿಂದ ಎನ್ರಿಕೆ ಸ್ವತಂತ್ರನೆಂದೂ, ಅವನಿಗೆ ಹತ್ತು ಸಾವಿರ ಮರವೇದಿ ಹಣ ಸಲ್ಲಬೇಕೆಂದೂ ಮೆಗಲನ್ ತನ್ನ ಮರಣಶಾಸನದಲ್ಲಿ ಬರೆದಿದ್ದನು. ಆದರೆ ಹೊಸ ನಾಯಕನಾದ ದುವಾರ್ತೆ ಬರ್ಬೋಸ ಅದನ್ನು ಲೆಕ್ಕಿಸದೆ, ಒಡೆಯ ಸತ್ತರೇನಂತೆ, ನೀನಿನ್ನೂ ಗುಲಾಮನೇ, ಏಳದಿದ್ದರೆ ಚಾವಟಿಯ ಏಟು ಎಂದು ಗದರಿಸಿದನಂತೆ. ಎನ್ರಿಕೆ ದಡಕ್ಕೆ ಹೋಗಿ ಹುಮಾಬೋನನೊಡನೆ ಮಾತಾಡಿದನೆಂದು ಪಿಗಫೆತ್ತ ಹೇಳುತ್ತಾನೆ. ಮೇ 1ರಂದು ಅರಸನಿಂದ ಕರೆ ಬಂತು: ಸ್ಪೇನಿನ ರಾಜನಿಗೆ ಕೊಡುತ್ತೇನೆಂದಿದ್ದ ಆಭರಣಗಳು ಸಿದ್ಧವಾಗಿವೆ, ಊಟಕ್ಕೆ ಬನ್ನಿ. ಹೋದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಬಹುತೇಕ ಯಾರೂ ಹಿಂದಿರುಗಲಿಲ್ಲ. ಕೊಡಬೇಕಾಗಿದ್ದ ಬಿಡುಗಡೆಯನ್ನು ಕೊಡದೆಹೋದದ್ದರ ಬೆಲೆ, ಕೊಡುತ್ತೇನೆಂದ ಉಡುಗೊರೆಯ ನೆಪದಲ್ಲಿ ವಸೂಲಾಯಿತು. ಅಂದು ಸತ್ತವರಲ್ಲಿ ಬರ್ಬೋಸನೂ ಒಬ್ಬ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನೂ, ಭಟ್ಕಳದಿಂದ ಹಡಗೇರುತ್ತಿದ್ದ ಅಕ್ಕಿ, ಸಕ್ಕರೆ, ಕಬ್ಬಿಣವನ್ನೂ ವರ್ಣಿಸಿ ಗ್ರಂಥ ಬರೆದ ದುವಾರ್ತೆ ಬರ್ಬೋಸ ಇವನೇ ಎಂದು ಬಹುಕಾಲ ನಂಬಲಾಗಿತ್ತು. ಅದೇ ಹೆಸರಿನ ಇಬ್ಬರಿದ್ದರೆಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ಹಡಗುಗಳು ಹೊರಟುಹೋದವು. ನಲವತ್ತನಾಲ್ಕು ವರ್ಷ ಗುರುಗಳೂ ಇಲ್ಲ, ಬಲಿಪೂಜೆಯೂ ಇಲ್ಲ. 1565ರ ಏಪ್ರಿಲಿನಲ್ಲಿ ಲೆಗಾಸ್ಪಿಯ ನೇತೃತ್ವದ ಸ್ಪೇನಿನವರು ಸೆಬುವಿನ ಮೇಲೆ ಗುಂಡಿನ ಮಳೆಗರೆದಾಗ ಊರಿಗೆ ಬೆಂಕಿ ಬಿತ್ತು. ಏಪ್ರಿಲ್ 28ರಂದು ಹುವಾನ್ ಕಮೂಸ್ ಎಂಬ ಸೈನಿಕನಿಗೆ ಮನೆಯೊಂದರಲ್ಲಿ ಮರದ ಪೆಟ್ಟಿಗೆ ಸಿಕ್ಕಿತು. ತೆರೆದು ನೋಡಿದರೆ ಬಾಲಯೇಸು! ಆಕ್ರಮಣಕಾರರ ದೇಶದಿಂದ ಬಂದ ವಸ್ತುವೆಂದು ಅದನ್ನು ಯಾರೂ ಒಡೆದಿರಲಿಲ್ಲ. ಬರಗಾಲ ಬಂದಾಗ ಪ್ರತಿಮೆಯನ್ನು ಸಮುದ್ರಕ್ಕೆ ಒಯ್ದು ಮೀಯಿಸಿ ಮಳೆ ಬೇಡುತ್ತಿದ್ದರೆಂದು ಪ್ರತೀತಿ. ಧರ್ಮೋಪದೇಶ ಮರೆತಿತ್ತು, ಕೈಗೆ ಬಂದ ಮಗುವನ್ನು ಮರೆತಿರಲಿಲ್ಲ. ಅಗಸ್ತೀನ್ ಸಭೆಯ ಗುರುಗಳು ಅಲ್ಲಿಯೇ ದೇವಾಲಯ ಕಟ್ಟಿದರು. ಒಂದಡಿ ಎತ್ತರದ ಆ ಸಾಂತೊ ನಿನ್ಯೊ ಇಂದಿಗೂ ಅಲ್ಲಿದೆ. ಜನವರಿಯ ಮೂರನೆಯ ಭಾನುವಾರ ಅದರ ಹಬ್ಬಕ್ಕೆ ಸೆಬು ನಗರವೇ ಕುಣಿಯುತ್ತದೆ. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರಗಳಂದು ಸಾಲುಗಟ್ಟಿ ನಿಲ್ಲುವ ನಮ್ಮವರಿಗೆ ಆ ಸಡಗರವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ನಾವು ಪೂಜಿಸುವ ಪ್ರಾಗ್ ನಗರದ ಬಾಲಯೇಸುವಿನ ಮೂಲ ಪ್ರತಿಮೆಯೂ ಸ್ಪೇನಿನಿಂದ ಹೆಣ್ಣುಮಗಳೊಬ್ಬಳ ಜೊತೆ ಹೋದದ್ದು. ತಾಯಿಯಿಂದ ಮಗಳಿಗೆ ಮದುವೆಯ ಉಡುಗೊರೆಯಾಗಿ ಸಂದು, 1628ರಲ್ಲಿ ಪೊಲಿಕ್ಸೇನಾ ಎಂಬಾಕೆಯಿಂದ ಕಾರ್ಮೆಲ್ ಸಭೆಯವರಿಗೆ ದಾನವಾದದ್ದು.

2021ರಲ್ಲಿ ಫಿಲಿಪ್ಪೀನ್ಸಿನ ಧರ್ಮಸಭೆಯು ಐದು ಶತಮಾನಗಳ ಉತ್ಸವಕ್ಕೆ ಆರಿಸಿಕೊಂಡ ಧ್ಯೇಯ, ಪಡೆದದ್ದು ಕೊಡುವುದಕ್ಕಾಗಿ ಎಂಬ ಅರ್ಥದ್ದು. ಬೆಂಕಿ ಮತ್ತು ಗುಂಡಿನ ಜೊತೆಗೆ ಬಂದ ಧರ್ಮವನ್ನು ಕೊಡುಗೆಯೆಂದು ಕರೆಯಲು ಆ ಜನರಿಗೆ ಎಷ್ಟು ದೊಡ್ಡ ಮನಸ್ಸಿರಬೇಕು! ಈ ಮಾತನ್ನು ಆಡುವಾಗ ನಮ್ಮಂಥ ಗುರುಗಳು ಸ್ವಲ್ಪ ತಲೆ ತಗ್ಗಿಸುವುದು ಒಳಿತು.

ಇನ್ನು ಪದಗಳ ಮಾತು. ಸ್ಪೇನ್ ಬರುವುದಕ್ಕಿಂತ ಬಹಳ ಮೊದಲೇ ಮಲಯ ವರ್ತಕರ ಮೂಲಕ ಸಂಸ್ಕೃತದ ಹಲವು ಶಬ್ದಗಳು ಆ ದ್ವೀಪಗಳಿಗೆ ಹೋಗಿದ್ದವು. ಅವರ 'ಗೂರೋ' ನಮ್ಮ ಗುರು, 'ಮುಖಾ' ನಮ್ಮ ಮುಖ, 'ಆಸಾ' ನಮ್ಮ ಆಸೆ. ಬೆಲೆಗೆ ಅವರು 'ಹಲಗಾ' ಎನ್ನುತ್ತಾರೆ. ಅದು 'ಅರ್ಘ' ಶಬ್ದದ ಮೊಮ್ಮಗು. ನನಗೆ ಬಹಳ ಹಿಡಿಸಿದ್ದು 'ಬಿಯಾಯಾ'. ಮೂಲ ಸಂಸ್ಕೃತದ 'ವ್ಯಯ'. ಮಲಯ ಭಾಷೆಯಲ್ಲಿ ಅದು ಖರ್ಚು ಎಂಬ ಅರ್ಥದಲ್ಲೇ ಉಳಿಯಿತು. ತಗಾಲೋಗಿನಲ್ಲಿ ಅದಕ್ಕೆ ವರ, ಕೃಪೆ, ದೇವರು ಕೊಟ್ಟದ್ದು ಎಂಬ ಅರ್ಥ ಬಂದಿತು. ನಾವು ಆಯವ್ಯಯ ಪತ್ರಿಕೆಯ ಬಲಬದಿಯಲ್ಲಿ ನಷ್ಟವೆಂದು ಬರೆಯುವುದನ್ನು ಅವರು ಊಟಕ್ಕೆ ಮೊದಲು ಕೈಮುಗಿದು ನೆನೆಯುತ್ತಾರೆ.

ಊರಿನಿಂದ ಊರಿಗೆ ಹೋಗಿ ಬರುವವರು ತರುವ ಉಡುಗೊರೆಗೆ ಅವರ ಹೆಸರು 'ಪಾಸಲುಬೊಂಗ್'. ಇದರೊಳಗೆ 'ಸಾಲುಬೊಂಗ್' ಇದೆ; ಹಾಗೆಂದರೆ ಎದುರುಗೊಳ್ಳುವುದು. ಬಾಗಿಲಲ್ಲಿ ಕಾದು ನಿಂತವರನ್ನು ಬರಿಗೈಯಲ್ಲಿ ಸಂಧಿಸಬಾರದು. ಪೇಟೆಯಿಂದ ಬರುವ ಅಪ್ಪ ಮಕ್ಕಳಿಗೆ ಕಡಲೆಪುರಿಯ ಪೊಟ್ಟಣ ತರುತ್ತಿದ್ದುದು ನಮಗೂ ನೆನಪಿದೆಯಲ್ಲ. ಆದರೆ ಅದೇ 'ಸಾಲುಬೊಂಗ್' ಎಂಬುದು ಆ ದೇಶದಲ್ಲಿ ಪುನರುತ್ಥಾನ ಹಬ್ಬದ ಮುಂಜಾನೆಯ ಆಚರಣೆಯೊಂದರ ಹೆಸರೂ ಹೌದು. ಕತ್ತಲಿರುವಾಗಲೇ ಪುನರುತ್ಥಾನರಾದ ಯೇಸುವಿನ ಪ್ರತಿಮೆ ಒಂದು ಬೀದಿಯಿಂದ, ಕಪ್ಪು ಮುಸುಕು ಹೊದ್ದ ಮಾತೆ ಮರಿಯಳ ಪ್ರತಿಮೆ ಇನ್ನೊಂದು ಬೀದಿಯಿಂದ ಮೆರವಣಿಗೆಯಲ್ಲಿ ಬರುತ್ತವೆ. ಇಬ್ಬರೂ ಎದುರಾದಾಗ ದೇವದೂತೆಯ ವೇಷ ತೊಟ್ಟ ಪುಟ್ಟ ಹುಡುಗಿಯೊಬ್ಬಳು ತಾಯಿಯ ಶೋಕದ ಮುಸುಕನ್ನು ತೆಗೆಯುತ್ತಾಳೆ. ತಾಯಿಯೂ ಮಗುವೂ ಮತ್ತೆ ಭೇಟಿಯಾಗುವುದು: ಆ ನಾಡಿನ ಲಕ್ಷಾಂತರ ಮನೆಗಳಿಗೆ ಇದು ಕೇವಲ ಹಬ್ಬದ ದೃಶ್ಯವಲ್ಲ.

ಏಕೆಂದರೆ ಅಲ್ಲಿ ತಾಯಂದಿರೇ ದೂರ ಹೋಗಿದ್ದಾರೆ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಹಣ ಹರಿಯತೊಡಗಿದಾಗ, ಮಾರ್ಕೋಸ್ ಸರ್ಕಾರವು 1974ರ ಕಾರ್ಮಿಕ ಸಂಹಿತೆಯ ಮೂಲಕ ಜನರನ್ನು ಹೊರದೇಶಗಳಿಗೆ ಕೆಲಸಕ್ಕೆ ಕಳಿಸುವುದನ್ನೇ ಒಂದು ನೀತಿಯನ್ನಾಗಿ ಮಾಡಿತು. ಮೊದಲು ಹೋದವರು ಹೆಚ್ಚಾಗಿ ಗಂಡಸರು. ಬರಬರುತ್ತ ದಾದಿಯರು, ಮನೆಗೆಲಸದವರು. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಹೀಗೆ ಹೊರಗೆ ದುಡಿಯುವವರು 21 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಈ ಅಗಲಿಕೆಯಿಂದ ಹುಟ್ಟಿದ್ದೇ 'ಬಾಲಿಕ್‌ಬಾಯಾನ್' ಪೆಟ್ಟಿಗೆ. 'ಬಾಲಿಕ್' ಎಂದರೆ ಮರಳುವುದು, 'ಬಾಯಾನ್' ಎಂದರೆ ನಾಡು. ದೊಡ್ಡ ರಟ್ಟಿನ ಪೆಟ್ಟಿಗೆ, ಹಡಗಿನಲ್ಲಿ ಹೋಗುತ್ತದೆ, ಬಾಡಿಗೆ ತೂಕಕ್ಕಲ್ಲ, ಪೆಟ್ಟಿಗೆಯ ಗಾತ್ರಕ್ಕೆ. ಆದ್ದರಿಂದ ಮೂಲೆಮೂಲೆಗೂ ತುರುಕುತ್ತಾರೆ: ಸಾಬೂನು, ಹಲ್ಲಿನ ಪೇಸ್ಟು, ಡಬ್ಬಿಯ ಮಾಂಸ, ಚಾಕೊಲೇಟು, ಟವಲು, ಮಕ್ಕಳ ಬೂಟು, ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಮತ್ತೇನೋ. ಕೊಠಡಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ತೆರೆದ ಬಾಯಿಯಲ್ಲಿ ಕುಳಿತಿರುವ ಆ ಪೆಟ್ಟಿಗೆ, ಪ್ರತಿ ಸಂಬಳದ ದಿನ ಸ್ವಲ್ಪ ಸ್ವಲ್ಪ ತುಂಬುತ್ತದೆ. ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ಮನೆಗಳಿಗೆ ದುಬೈಯಿಂದ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು ಬಂದಾಗ ಟ್ಯಾಂಗ್ ಪುಡಿ, ನಿಡೋ ಹಾಲು, ಕೊಡಲಿ ಗುರುತಿನ ತೈಲದ ವಾಸನೆ ಕೇರಿಗೆಲ್ಲ ಹಬ್ಬುತ್ತಿದ್ದುದನ್ನು ಕಂಡವರಿಗೆ ಇದು ಹೊಸದಲ್ಲ.

ಕೊರಾಜೋನ್ ಅಕಿನೋ ಅವರ ಸರ್ಕಾರ 1987ರಲ್ಲಿ ಇಂತಹ ಪೆಟ್ಟಿಗೆಗಳಿಗೆ ಸುಂಕ ವಿನಾಯಿತಿ ನೀಡಿತು. 2015ರ ಆಗಸ್ಟಿನಲ್ಲಿ ಅಲ್ಲಿನ ಸುಂಕದ ಅಧಿಕಾರಿಗಳು ಪೆಟ್ಟಿಗೆಗಳನ್ನು ಬಿಚ್ಚಿ ಪರಿಶೀಲಿಸುತ್ತೇವೆಂದಾಗ ಲೋಕದ ಎಲ್ಲ ಮೂಲೆಗಳಿಂದ ಆಕ್ರೋಶ ಎದ್ದಿತು. ಅಧ್ಯಕ್ಷರೇ ನಡುವೆ ಬಂದು ತಡೆಯಬೇಕಾಯಿತು. ಮರುವರ್ಷದ ಕಾನೂನು ಒಂದೂವರೆ ಲಕ್ಷ ಪೆಸೋ ಮೌಲ್ಯದವರೆಗೆ, ವರ್ಷಕ್ಕೆ ಮೂರು ಬಾರಿ, ಸುಂಕವಿಲ್ಲದೆ ಕಳಿಸಲು ಅವಕಾಶ ನೀಡಿತು. ಸಾಬೂನು, ಟವಲುಗಳಿಗಾಗಿ ಇಷ್ಟು ಗದ್ದಲವೇ ಎಂದು ಹೊರಗಿನವರು ಕೇಳಬಹುದು. ತಾಯಿ ಮಡಿಸಿಟ್ಟ ಮಡಿಕೆಯನ್ನು ಬೇರೊಬ್ಬನ ಕೈ ಬಿಚ್ಚುವುದೆಂದರೆ ಏನೆಂದು ಆ ಮಕ್ಕಳಿಗೆ ಗೊತ್ತು.

ಎಲ್ಲರೂ ಪೆಟ್ಟಿಗೆ ತುಂಬಿ ಮರಳುವುದಿಲ್ಲ. ಸಿಂಗಪುರದಲ್ಲಿ ಮನೆಗೆಲಸ ಮಾಡುತ್ತಿದ್ದ, ನಾಲ್ಕು ಮಕ್ಕಳ ತಾಯಿ ಫ್ಲೋರ್ ಕಾಂತೆಂಪ್ಲಸಿಯೋನ್ ಎಂಬವಳನ್ನು ಕೊಲೆಯ ಆರೋಪದ ಮೇಲೆ 1995ರ ಮಾರ್ಚ್ 17ರಂದು ಗಲ್ಲಿಗೇರಿಸಲಾಯಿತು. ಅವಳ ಶವಪೆಟ್ಟಿಗೆ ಬಂದಾಗ ಇಡೀ ದೇಶ ಬೀದಿಗಿಳಿದು ಅತ್ತಿತು. ಹೊರದೇಶದ ಕಾರ್ಮಿಕರ ರಕ್ಷಣೆಗಾಗಿ ಪ್ರತ್ಯೇಕ ಕಾನೂನು ಬಂದದ್ದು ಅದೇ ವರ್ಷದ ಜೂನಿನಲ್ಲಿ. ಹನ್ನೊಂದು ವರ್ಷ ನಮ್ಮೂರ ಮಗಳ ಪಕ್ಕದ ಹಾಸಿಗೆಯಲ್ಲಿ ಮಲಗಿದ ಆ ಗೆಳತಿ ಈ ಭಯವನ್ನೂ ತಲೆದಿಂಬಿನಡಿ ಇಟ್ಟುಕೊಂಡೇ ಮಲಗಿರಬೇಕು.

ಒಂದು ವಾರದ ನಂತರ ತಾಯಿಯೂ ಮಗನೂ ಬಂದರು. ನಾನು ಹೇಳಿದ್ದು ಇಷ್ಟು: "ಬಳೆ ಬೇಡಮ್ಮ. ಎರಡು ಪವನ್ ಕೊಟ್ಟರೆ ಅವಳು ತನ್ನ ರಾತ್ರಿಗಳಿಗೆ ಕೂಲಿ ಸಿಕ್ಕಿತೆಂದುಕೊಂಡಾಳು. ಋಣ ಇರಲಿ. ಸೀರೆ ಚೆಂದವೇ; ಆದರೆ ಉಡಿಸುವವರು ಅಲ್ಲಿ ಯಾರು? ಅವಳು ಈಗ ಊರಿಗೆ ಒಯ್ಯುವ ಪೆಟ್ಟಿಗೆ ತುಂಬುತ್ತಿರುತ್ತಾಳೆ. ಬಾಗಿಲಲ್ಲಿ ಕಾಯುತ್ತಿರುವವರು ಯಾರು ಯಾರೆಂದು ಮಗಳಿಂದ ಕೇಳಿ ತಿಳಿದುಕೊಳ್ಳಿ. ಅವರಿಗೆ ಕಳಿಸಿ."

ಮಗಳಿಂದ ಉತ್ತರ ಅಂದೇ ಬಂತು. ಎಂಬತ್ತು ದಾಟಿದ ತಾಯಿ, ತಂಗಿ, ತಂಗಿಯ ಇಬ್ಬರು ಚಿಕ್ಕ ಮಕ್ಕಳು. ಆಮೇಲೆ ಪಟ್ಟಿ ತಾನಾಗಿಯೇ ಬೆಳೆಯಿತು. ಬಹುಕಾಲದಿಂದ ನಮ್ಮ ಸರ್ಕಾರವೇ ತಯಾರಿಸುತ್ತ ಬಂದ ಗಂಧದ ಸಾಬೂನು ಒಂದು ಡಜನ್. ಆ ಪೆಟ್ಟಿಗೆಗಳಲ್ಲಿ ಸಾಬೂನಿಗಿರುವ ಗೌರವ ಬಲ್ಲವರಿಗೆ ಇದು ಸಣ್ಣ ಕೊಡುಗೆಯಲ್ಲ. ಮಕ್ಕಳಿಗೆ ಚನ್ನಪಟ್ಟಣದ ಬುಗುರಿ ಮತ್ತು ಬಣ್ಣದ ರೈಲು. ವೃದ್ಧ ತಾಯಿಗೆ ಮೃದುವಾದ ಹತ್ತಿಯ ಶಾಲು. ಅಲ್ಲಿ ಕಿರಿಯರು ಹಿರಿಯರ ಕೈಯನ್ನು ಹಣೆಗೊತ್ತಿಕೊಂಡು ಆಶೀರ್ವಾದ ಪಡೆಯುತ್ತಾರೆ. ಸಂಜೆಯ ಜಪಸರದ ನಂತರ ನಮ್ಮ ಕೊಂಕಣಿ ಮನೆಗಳಲ್ಲಿ ಮಕ್ಕಳು 'ಬೆಸಾಂವ್' ಕೇಳುವ ಹಾಗೆ. ಹಾಗಾಗಿ ಹಿರಿಯಳಿಗೆ ಕೊಟ್ಟದ್ದು ಮನೆಗೆಲ್ಲ ಕೊಟ್ಟಂತೆ. ಮಗನು ಗೆಳತಿಗೆಂದು ಚರ್ಮದ ಪರ್ಸ್ ತಂದಿದ್ದನು. ಖಾಲಿ ಪರ್ಸ್ ಕೊಡುವುದು ಅಲ್ಲಿ ಶುಭವಲ್ಲವೆಂದೂ, ಒಂದು ನಾಣ್ಯವನ್ನಾದರೂ ಇಡಬೇಕೆಂದೂ ನನ್ನ ರೋಮಿನ ಮಿತ್ರರು ಹೇಳಿದ್ದ ನೆನಪಾಯಿತು. ಐದು ರೂಪಾಯಿಯ ನಾಣ್ಯವೊಂದನ್ನು ಒಳಗೆ ಹಾಕಿದೆವು. ಕೊಟ್ಟ ಕೂಡಲೇ ಬಿಚ್ಚಿ ನೋಡು ಎಂದು ಒತ್ತಾಯಿಸಬೇಡ, ಕೊಟ್ಟವರ ಎದುರು ಬಿಚ್ಚುವುದು ಅವರಲ್ಲಿ ವಾಡಿಕೆಯಲ್ಲ. ಮೊದಲಿಗೆ ಬೇಡ ಎಂದರೂ ಬೇಸರಪಡಬೇಡ ಎಂದು ಮಗಳಿಗೆ ತಿಳಿಸಲು ಹೇಳಿದೆ.

ಎಲ್ಲಕ್ಕಿಂತ ಮೇಲೆ ಆ ತಾಯಿ ತಾವೇ ಸೇರಿಸಿದ್ದು ಒಂದಿತ್ತು. ತೀರಿಹೋದ ಪತಿಯ ಜಪಸರ. ಮರದ ಮಣಿಗಳು ಸವೆದು ನುಣುಪಾಗಿದ್ದವು. "ಅವರಿಗಾಗಿ ಆ ರಾತ್ರಿ ಪ್ರಾರ್ಥಿಸಿದವಳು ಅವಳು. ಅದು ಅವಳ ಹತ್ತಿರವೇ ಇರಲಿ ಫಾದರ್" ಎಂದರು. ನನಗೆ ಇಂಥದೊಂದು ಹೊಳೆದಿರಲಿಲ್ಲ.

ಡಿಸೆಂಬರ್ 16ರಿಂದ ಒಂಬತ್ತು ದಿನ ಅವರು ಬೆಳಕು ಹರಿಯುವ ಮುನ್ನ ನಡೆಸುವ ಬಲಿಪೂಜೆಗೆ ಹಳೆಯ ಸ್ಪ್ಯಾನಿಷ್ ಹೆಸರು 'ಮಿಸಾ ದೆ ಅಗಿನಾಲ್ದೊ', ಅಂದರೆ ಉಡುಗೊರೆಯ ಬಲಿಪೂಜೆ. ರೈತರು ಹೊಲಕ್ಕೆ ಹೋಗುವ ಮೊದಲು ಬಂದು ಹೋಗಲೆಂದು ಆ ಹೊತ್ತು. ಕೊಲ್ಲಿ ದೇಶಗಳಲ್ಲಿ ಪಾಳಿಯ ಕೆಲಸ ಮುಗಿಸಿ ಬರುವವರಿಗಾಗಿ ಅದು ಸಂಜೆಗೆ ಸರಿದಿದೆ. ಈ ಸಲ ಇಬ್ಬರು ಗೆಳತಿಯರೂ ಒಂಬತ್ತೂ ದಿನ ಜೊತೆಯಾಗಿ ಹೋದರೆಂದು ಮಗಳು ಫೋನಿನಲ್ಲಿ ತಿಳಿಸಿದಳು.

ಫೆಬ್ರವರಿಯ ಕೊನೆಯಲ್ಲಿ ಸೆಬುವಿನಿಂದ ಒಂದು ಚಿಕ್ಕ ಪೊಟ್ಟಣ ಬಂತು. ಒಳಗೆ ಒಣಗಿಸಿದ ಮಾವಿನ ಹಣ್ಣಿನ ಸೀಳುಗಳು, ಅಂಗೈಯಗಲದ ಸಾಂತೊ ನಿನ್ಯೊ, ಮತ್ತು ಆ ಶಾಲು ಹೊದ್ದು ಬಾಗಿಲಲ್ಲಿ ಕುಳಿತ ವೃದ್ಧೆಯ ಛಾಯಾಚಿತ್ರ. ಭಾನುವಾರ ಬಲಿಪೂಜೆಯ ನಂತರ ಆ ತಾಯಿ ಒಂದು ಹಿಡಿ ಮಾವಿನ ಸೀಳನ್ನು ನನ್ನ ಕೈಗಿತ್ತು, "ಈಗ ನಾವೇನು ಕಳಿಸೋಣ ಫಾದರ್?" ಎಂದು ಕೇಳಿದರು. ನಾನು ಮತ್ತೆ ಒಂದು ವಾರ ಸಮಯ ಕೇಳಿದ್ದೇನೆ.